ಕಿವಿ ಇರುವವನ ಪೆಟ್ಟಿಗೆ

ಕೆಳಗಿನ ಕೀಲಿನ ಕೊನೆಯ ತಿರುಪು ಜಪ್ಪಯ್ಯ ಅಂದರೂ ಬರಲಿಲ್ಲ. ಬಡಗಿ ಮೊಣಕಾಲೂರಿ, ಸ್ಕ್ರೂಡ್ರೈವರ್‌ನ ಹಿಡಿಗೆ ಅಂಗೈಯಿಂದ ಎರಡು ಗುದ್ದು ಕೊಟ್ಟು ಮತ್ತೆ ತಿರುಗಿಸಿದ. ಒಳಗೆ ಅವನ ಅಣ್ಣ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಓಣಿ ಇಕ್ಕಟ್ಟು, ಬಾಗಿಲು ಕೀಳದೆ ಮಂಚ ಹೊರಗೆ ತಿರುಗುವಂತಿರಲಿಲ್ಲ. ಇಷ್ಟು ವರ್ಷ ಈ ಹೊಸ್ತಿಲು ತುಳಿಯದವನು ಬಂದವನೇ ಮಾಡಿದ ಮೊದಲ ಕೆಲಸ ಇದು.

ಬಾಗಿಲನ್ನು ಆತುಕೊಂಡು ನಿಂತಿದ್ದವನು ಅಣ್ಣನ ಹಳೆಯ ಗೆಳೆಯ, ಗಡಿಯಾರ ರಿಪೇರಿಯವನು.

"ಅಳು ಬರ್ಲಿಲ್ವಾ?" ಎಂದು ಕೇಳಿದ.

"ಇಲ್ಲ."

"ಬರುತ್ತೆ ಬಿಡು. ನಮ್ಮಪ್ಪ ಹೋದಾಗ ನನಗೂ ಬರ್ಲಿಲ್ಲ. ಆಮೇಲೊಂದಿನ ಹಲ್ಲುಜ್ಜುವಾಗ ಬಂತು, ನಿಲ್ಲಿಸೋಕೇ ಆಗ್ಲಿಲ್ಲ."

ಬಡಗಿಯ ಎದೆ ಮರಗಟ್ಟಿತ್ತು. ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಸತ್ತ ಮನೆಯಲ್ಲಿ ಕೇಳುವ ಮಾತಲ್ಲ. ಆದರೂ ಕೇಳಿಯೇಬಿಟ್ಟ.

"ಅಣ್ಣನ ಹಾಡಿನ ಸೆಟ್‌ಗೆ ಈಗ ಯಾರು ಮಾಡಿದ ಸ್ಪೀಕರ್ ಪೆಟ್ಟಿಗೆ?"

"ನನಗೇನಪ್ಪ ಗೊತ್ತು, ಆ ಸೆಟ್ ಇಟ್ಟಿದ್ದ ಕೋಣೆಗೆ ಅವನು ಯಾರನ್ನ ಬಿಟ್ಕೋತಿದ್ದ?" ಎಂದು ಗೆಳೆಯ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದ.

* * *

ಅಣ್ಣ ಹಳೆಯ ಕಾಲದ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಕಟ್ಟುತ್ತಿದ್ದ, ತಮ್ಮ ಅದಕ್ಕೆ ಸ್ಪೀಕರ್ ಪೆಟ್ಟಿಗೆ ಮಾಡುತ್ತಿದ್ದ. ಆಂಪ್ಲಿಫೈಯರ್‌ನ ಶಕ್ತಿ ಎಂಟೇ ವಾಟ್. ಅಂಗಡಿಯಿಂದ ತಂದ ಸ್ಪೀಕರ್ ಜೋಡಿಸಿದರೆ ನೆಗಡಿಯಾದವರ ಹಾಗೆ ಹಾಡುತ್ತಿತ್ತು. ತಮ್ಮನ ಎದೆಯೆತ್ತರದ ಪೆಟ್ಟಿಗೆಗಳಿಗೆ ಅಷ್ಟೇ ಸಾಕು, ಮನೆ ತುಂಬುತ್ತಿತ್ತು. "ಇದಕ್ಕೆ ಇದೇ ಜೋಡಿ" ಎಂದು ಅಣ್ಣ ಗಿರಾಕಿಗಳಿಗೆ ಹೇಳುವಾಗ ತಮ್ಮ ರಂದ ಹೊಡೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ.

ಅಣ್ಣನ ಇನ್ನೊಂದು ಮಾತೂ ಇತ್ತು. "ಕೇಳೋರಿಲ್ದೆ ಬೇಕಾದ್ರೆ ಹಾಡಿಸು, ಸ್ಪೀಕರ್ ಇಲ್ದೆ ಮಾತ್ರ ಇದನ್ನ ಹಾಕ್ಬೇಡ." ಸ್ಪೀಕರ್ ಇಲ್ಲದಿದ್ದರೆ ಒಳಗೆ ಹುಟ್ಟಿದ ಶಕ್ತಿಗೆ ಹೋಗಲು ದಾರಿಯಿಲ್ಲದೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ. ಪೆಟ್ಟಿಗೆ ಇನ್ನೂ ತಯಾರಾಗದ ದಿನಗಳಲ್ಲಿ ಪರೀಕ್ಷೆಗೆಂದು ಅದರ ಜಾಗದಲ್ಲಿ ಬೆರಳುದ್ದದ ರೆಸಿಸ್ಟರ್ ಸಿಕ್ಕಿಸುತ್ತಿದ್ದ. ಅದು ಹಾಡನ್ನೆಲ್ಲ ನುಂಗಿ ಬಿಸಿಯಾಗುತ್ತಿತ್ತೇ ಹೊರತು ಸದ್ದು ಮಾಡುತ್ತಿರಲಿಲ್ಲ.

ಒಂದು ದಿನ ಯಾವನೋ ದೊಡ್ಡ ಗಿರಾಕಿ ಹಾಡಿನ ನಡುವೆ ಏನೋ ಗರಗರ ಎನ್ನುತ್ತದೆ ಎಂದ. ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ.

"ನನ್ನ ಸೆಟ್‌ನಲ್ಲಿ ಏನೂ ಇಲ್ಲ ಸ್ವಾಮಿ. ಪೆಟ್ಟಿಗೆ ಮಾಡಿದೋನು ಬಡಗಿ. ಅವನಿಗೆ ಕೈ ಇದೆ, ಕಿವಿ ಎಲ್ಲಿಂದ ಬರ್ಬೇಕು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತೇ ಸಂಜೆ ತಮ್ಮ ಗಾಡಿ ತಂದು, ಅಣ್ಣನ ಕೋಣೆಯಲ್ಲಿದ್ದ ಎರಡೂ ಪೆಟ್ಟಿಗೆಗಳನ್ನು ಹೇರಿಕೊಂಡ. "ಕಿವಿ ಇರೋನ ಹತ್ರ ಮಾಡಿಸ್ಕೋ" ಎಂದು ಹೊರಟವನು ಮತ್ತೆ ಬರಲಿಲ್ಲ. ಪೆಟ್ಟಿಗೆಗಳು ಅವನ ಕಾರ್ಖಾನೆಯಲ್ಲೇ ಉಳಿದವು. ಒಮ್ಮೆ ಯಾವುದೋ ದೊಡ್ಡ ಆಂಪ್ಲಿಫೈಯರ್‌ಗೆ ಜೋಡಿಸಿ ನೋಡಿದ. ಹಾಡು ಅರಚಿತು. ಅಂದಿನಿಂದ ಅವುಗಳ ಮೇಲೆ ಗೋಂದಿನ ಡಬ್ಬಗಳಿವೆ.

* * *

ಮಣ್ಣು ಮಾಡಿ ಬಂದ ಮೇಲೆ ಜನ ಕರಗಿದರು. ಬಡಗಿ ಬಾಗಿಲನ್ನು ಮತ್ತೆ ಕೂರಿಸುತ್ತಿದ್ದ. ಅತ್ತಿಗೆ ನೀರು ತಂದಿಟ್ಟು ಅಲ್ಲೇ ಕೂತರು.

"ಅತ್ತಿಗೆ, ಅಣ್ಣ ಹಾಡು ಕೇಳ್ತಿದ್ನಾ?"

"ಕೇಳದೆ ಏನು? ದಿನಾ ಸಂಜೆ ಒಳಗೆ ಕೂರೋರು. ಆದ್ರೆ ಸದ್ದು ಒಂದು ಚೂರೂ ಹೊರಗೆ ಬರ್ತಿರ್ಲಿಲ್ಲ. ನನ್ನ ತಲೆನೋವಿಗೆ ಹೆದರಿ ಸಣ್ಣಗೆ ಇಟ್ಕೋತಾರೆ ಅಂದ್ಕೊಂಡಿದ್ದೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನ್ನೆ ಹೋಗಿದ್ದೂ ಅದೇ ಕುರ್ಚೀಲಿ. ಆ ಸೆಟ್ ಇನ್ನೂ ಉರೀತಾನೇ ಇದೆ, ನನಗೆ ಆರಿಸೋಕೆ ಬರಲ್ಲ. ನೀನೇ ಆರಿಸಿ ಬಾ."

ಬಡಗಿ ತಿರುಪನ್ನು ಅರ್ಧಕ್ಕೇ ಬಿಟ್ಟು ಎದ್ದ. ಯಾರ ಕೈಕೆಲಸ ಎಂದು ಪೆಟ್ಟಿಗೆಯ ಅಂಚು ನೋಡಿದರೇ ತನಗೆ ತಿಳಿಯುತ್ತದೆ ಎಂದುಕೊಂಡು ಒಳಗೆ ಹೋದ.

ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ರೇಡಿಯೊಗಳು, ತಂತಿಯ ಸುರುಳಿಗಳು, ಸೂರಿನವರೆಗೆ ರಟ್ಟಿನ ಡಬ್ಬಗಳು. ಎದುರಿನ ಎರಡು ಮೂಲೆಗಳಲ್ಲಿ ಮಾತ್ರ ಏನೂ ಇರಲಿಲ್ಲ. ಗುಡಿಸಿದ ನೆಲದ ಮೇಲೆ, ಹಿಂದೆ ಅವನ ಪೆಟ್ಟಿಗೆಗಳು ನಿಂತಿದ್ದ ಚೌಕದ ಗುರುತು ಇನ್ನೂ ಕಾಣುತ್ತಿತ್ತು. ಸ್ಪೀಕರ್ ಎಲ್ಲಿಯೂ ಇರಲಿಲ್ಲ.

ಮೇಜಿನ ಮೇಲೆ ವಾಲ್ವ್‌ಗಳು ಕೆಂಪಗೆ ಉರಿಯುತ್ತಿದ್ದವು. ರೇಡಿಯೊಗೆ ಜೋಡಿಸಿತ್ತು, ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿತ್ತು. ಬಡಗಿ ಬಗ್ಗಿ ಹಿಂದೆ ನೋಡಿದ. ಅವನ ಪೆಟ್ಟಿಗೆಯ ತಂತಿ ಹಿಡಿಯುತ್ತಿದ್ದ ತಿರುಪುಗಳಲ್ಲಿ ಈಗ ಎರಡು ರೆಸಿಸ್ಟರ್‌ಗಳಿದ್ದವು. ಬಣ್ಣ ಸುಟ್ಟು ಕಪ್ಪಾಗಿತ್ತು. ನಿನ್ನೆ ಮೊನ್ನೆ ಹಾಕಿದವಲ್ಲ. ಒಂದನ್ನು ಮುಟ್ಟಿದ. ಚುರ್ ಎಂದಿತು.

ಟ್ರಾನ್ಸ್‌ಫಾರ್ಮರ್‌ನ ಹತ್ತಿರ ಕಿವಿ ತಂದ. ಕಬ್ಬಿಣದ ಒಳಗೆ, ಯಾವುದೋ ದೂರದ ಬೀದಿಯಲ್ಲಿ ಎಂಬಂತೆ, ಒಬ್ಬಳು ಹಾಡುತ್ತಿದ್ದಳು.

"ಆರಿಸಿದ್ಯೇನಪ್ಪ?" ಅತ್ತಿಗೆ ಹೊರಗಿನಿಂದ ಕೇಳಿದರು.

ಬಡಗಿ ಅಣ್ಣನ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆದು ಕೂತ. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ಎರಡು ಖಾಲಿ ಮೂಲೆಗಳನ್ನು ನೋಡುತ್ತ, ಕಬ್ಬಿಣಕ್ಕೆ ಕಿವಿ ಹಚ್ಚಿದ.