ಹಾಜಿರಾಬಿ ಬಿಟ್ಟ ಗುಳಿಗೆ

ಮುರಗೋಡದ ಹಾಜಿರಾಬಿಗೆ ಸಾಕುಸಾಕಾಗಿತ್ತು. ಮುಟ್ಟು ಶುರುವಾದರೆ ನಿಲ್ಲುವ ಮಾತೇ ಇಲ್ಲ. ಬಟ್ಟೆ ಒಗೆದು ಒಗೆದು ರಟ್ಟೆ ಬಿದ್ದುಹೋಗಿತ್ತು. ಆಪರೇಷನ್ ಮಾಡಿ ಹೃದಯಕ್ಕೆ ವಾಲ್ವು ಕೂಡಿಸಿದಾಗಿನಿಂದ ರಕ್ತ ತೆಳು ಮಾಡುವ ಗುಳಿಗೆ ದಿನಾ ನುಂಗಬೇಕು. ಈ ಗೋಳು ಅಂದಿನದೇ. ಗಂಡ ಖಾಸಿಮಸಾಬ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುವವನು. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇಂಥದ್ದನ್ನು ಅವನ ಮುಂದೆ ಹೇಗೆ ಹೇಳುವುದು?

ಆ ವರ್ಷ ಕಬ್ಬಿನ ಹಂಗಾಮಿನಲ್ಲೇ ರಂಜಾನ್ ಬಂತು. ಮುಟ್ಟಿನಲ್ಲಿ ರೋಜಾ ಉಪವಾಸ ಹಿಡಿಯುವಂತಿಲ್ಲ. ಹೋದ ವರ್ಷವೂ ತಪ್ಪಿತ್ತು. ಈ ಸಲವಾದರೂ ಎಲ್ಲರಂತೆ ಹಿಡಿಯಬೇಕೆಂದು ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು.

ಅದೇ ಓಣಿಯ ನರ್ಸ್ ಚನ್ನವ್ವ ಕೆಲಸ ಮುಗಿಸಿ ಹೊರಟವಳು ಕಟ್ಟೆಯ ಮೇಲೆ ಕುಂತಿದ್ದ ಹಾಜಿರಾಳನ್ನು ನೋಡಿ ನಿಂತಳು.

"ಯಾಕವಾ, ಮಾರಿ ಬಿಳಿಚಿಕೊಂಡೈತಿ? ಗುಳಿಗಿ ತಗೊಳ್ಳಾಕತ್ತೀಯೋ ಇಲ್ಲೋ?"

"ಮೊನ್ನೆಯಿಂದ ಬಿಟ್ಟೇನ್ರಿ ಅಕ್ಕಾರ. ರಕ್ತ ನಿಂತರ ರೋಜಾ ಹಿಡೀಬೇಕಂತ."

"ನಿನ್ನ ತಲಿ ನೆಟ್ಟಗೈತೇನ? ಗುಳಿಗಿ ಬಿಟ್ಟರ ಆ ವಾಲ್ವಿನಾಗ ರಕ್ತ ಹೆಪ್ಪುಗಟ್ಟತೈತಿ, ಜೀವಕ್ಕ ಬರತೈತಿ. ಡಾಕ್ಟರಿಗೆ ಹೇಳೀಯೇನ?"

"ಗಂಡಸರಿಗೆ ಹೆಂಗ ಹೇಳಲ್ರಿ? ನನ್ನ ನಸೀಬ."

"ನಸೀಬ ಅಲ್ಲ, ಗುಳಿಗಿ ಹೆಚ್ಚುಕಡಿಮಿ ಆಗಿರಬೇಕು. ಇದಕ್ಕೂ ಔಷಧ ಐತಿ."

ಅಷ್ಟರಲ್ಲಿ ಬಂದ ಖಾಸಿಮಸಾಬ ಇದನ್ನು ಕೇಳಿ, "ಹೆಂಗಸರ ತ್ರಾಸ ಇದ್ದದ್ದ ಬಿಡ್ರಿ. ಹಂಗಾಮ ಮುಗೀಲಿ" ಎಂದ. ಅವನಿಗೆ ನೀರು ಕೊಡಲು ಎದ್ದ ಹಾಜಿರಾ ತಲೆ ಸುತ್ತಿ ಗೋಡೆ ಹಿಡಿದು ಕುಸಿದಳು. ಖಾಸಿಮಸಾಬ ಅವಳನ್ನು ಹತ್ತಿಸಿಕೊಂಡು, ಕಬ್ಬು ಹೇರಲು ಹೊರಟಿದ್ದ ಲಾರಿಯನ್ನೇ ಬೆಳಗಾವಿಯ ದವಾಖಾನೆಗೆ ತಿರುಗಿಸಿದ.

ಅಲ್ಲಿ ರಕ್ತ ಪರೀಕ್ಷೆ ಮಾಡಿ, ಗುಳಿಗೆ ಎಷ್ಟು ಬೇಕೆಂದು ಹೊಸದಾಗಿ ಗೊತ್ತುಮಾಡಿದರು. ಹೆಣ್ಣುಮಕ್ಕಳ ಡಾಕ್ಟರು ಮುಟ್ಟಿಗೆ ಬೇರೆ ಔಷಧ ಕೊಟ್ಟರು.

"ಬೀಮಾರ ಇದ್ದವರಿಗೆ ರೋಜಾ ಮಾಫ್ ಐತಿ. ನನಗರೆ ಮೊದಲ ಹೇಳಬಾರದಿತ್ತೇನ?" ಎಂದ ಖಾಸಿಮಸಾಬ.

"ನೀವು ಕೇಳಿದ್ದು ಯಾವಾಗ?" ಎಂದಳು ಹಾಜಿರಾ. ಅವನು ಗುಳಿಗೆಯ ಚೀಟಿ ತೆಗೆದುಕೊಂಡು ಯಾವುದು ಎಷ್ಟೊತ್ತಿಗೆ ಎಂದು ಕೇಳಿದ.

ಅಕ್ಕತಂಗಿಯರೇ, ರಕ್ತ ತೆಳು ಮಾಡುವ ಗುಳಿಗೆ ನುಂಗುವವರಿಗೆ ಮುಟ್ಟು ವಾರ ದಾಟಿದರೂ ನಿಲ್ಲದಿದ್ದರೆ, ಬಟ್ಟೆ ಮೇಲಿಂದ ಮೇಲೆ ನೆನೆದರೆ ನಾಚದೆ ಡಾಕ್ಟರಿಗೆ ಹೇಳಿ. ತಲೆ ಸುತ್ತಿದರೆ ಅಂದೇ ಹೋಗಿ. ಗುಳಿಗೆಯನ್ನು ಮಾತ್ರ ನೀವಾಗಿ ಬಿಡಬೇಡಿ. ಅಣ್ಣತಮ್ಮಂದಿರೇ, ಅವರೇ ಹೇಳಲಿ ಎಂದು ಕಾಯಬೇಡಿ. ಇವತ್ತು ಮನೆಗೆ ಹೋಗಿ ನೀವೇ ಕೇಳಿ.