ಖಾಲಿ ಮಾಡಿಟ್ಟ ಸ್ಟೂಲು

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಬೀಳುತ್ತದೆ, ಅವಳು ಪೆನ್ನಿನಿಂದ ಒತ್ತಿ ಹಿಡಿದಿದ್ದಾಳೆ, ಸಮೀಕ್ಷೆಯ ಕೊನೆಯ ಹಾಳೆಯ ಕೊನೆಯ ಸಾಲು, ಪ್ರಶ್ನೆಗಳ ಹೊರತಾಗಿ ಬೇರೆ ಮಾತುಕತೆ ನಡೆಸಿದ್ದೀರಾ, ಹೌದು, ಇಲ್ಲ — ಇಪ್ಪತ್ತೆರಡು ವರ್ಷ ಇಲ್ಲ ಎಂದೇ ಗುರುತು ಹಾಕಿದ ಕೈ ಇವತ್ತೇಕೋ ಮುಷ್ಕರ ಹೂಡಿದೆ. ಮಧ್ಯಾಹ್ನ ಮೂರು ಗಂಟೆ, ಕಾಲು ಊದಿಕೊಂಡಿದೆ, ಈ ಸುತ್ತಿನ ನಲವತ್ಮೂರು ಮನೆಗಳ ಮೆಟ್ಟಿಲು ಹತ್ತಿ ಇಳಿದ ಕಾಲು, ವರ್ಷಕ್ಕೆರಡು ಸಲ ಅದೇ ಮನೆಗಳು, ಅದೇ ಪ್ರಶ್ನೆಗಳು, ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದೆಯೇ, ಬದುಕಿ ಏನು ಪ್ರಯೋಜನ ಅನ್ನಿಸಿದೆಯೇ, ಓದುವುದು, ಗುರುತು ಹಾಕುವುದು, ಎದ್ದು ಬರುವುದು. ಸಮಾಧಾನ ಹೇಳಕೂಡದು, ಮೊದಲ ದಿನವೇ ದೊಡ್ಡ ಡಾಕ್ಟರು ಎಚ್ಚರಿಸಿದ್ದರು, ಯಾರ ಮನಸ್ಸು ಯಾಕೆ ಕುಸಿಯುತ್ತೆ, ಯಾರು ಹೇಗೆ ಎದ್ದು ನಿಲ್ತಾರೆ, ನಾವು ನೋಡ್ತಿರೋದು ಅಷ್ಟೇ ಅಮ್ಮಾ, ನೀವು ಥರ್ಮಾಮೀಟರ್ ಇದ್ದ ಹಾಗೆ, ಥರ್ಮಾಮೀಟರ್ ಜ್ವರ ಇಳಿಸೋಕೆ ಹೋಗಬಾರದು.

ಥರ್ಮಾಮೀಟರೇ ಆಗಿದ್ದಳು, ದರ್ಜಿ ಅಕ್ಕನ ಮನೆಯಲ್ಲಿ ಚಪ್ಪಲಿ ಕಿತ್ತುಹೋಗುವ ತನಕ. ಗಂಡ ಸತ್ತು ಆರು ವಾರವಾಗಿತ್ತು ಆ ಅಕ್ಕನಿಗೆ, ಎಲ್ಲ ಪ್ರಶ್ನೆಗೂ ಗೋಡೆ ನೋಡಿಕೊಂಡೇ ಹ್ಞೂಂ ಅಂದಿದ್ದಳು, ಇವಳು ಫೈಲು ಮುಚ್ಚಿ ಏಳುವಾಗ ಮಾತ್ರ ಕಣ್ಣು ಕೆಳಗಿಳಿಯಿತು, ಅಯ್ಯೋ, ಹೀಗೆ ಕಾಲೆಳ್ಕೊಂಡು ಹೋಗ್ತೀಯಾ, ಕೂತ್ಕೋ, ಅಂದವಳೇ ಸ್ಟೂಲಿನ ಮೇಲಿನ ಬಟ್ಟೆರಾಶಿಯನ್ನು ಬಾಚಿ ಮಂಚಕ್ಕೆಸೆದು ದಪ್ಪ ಸೂಜಿ ಹುಡುಕಿದಳು — ಮೂರು ಹೊಲಿಗೆ, ಒಂದು ಗಂಟೆ ಮಾತು. ಅಲ್ಲಿಂದ ಶುರು. ಆಮೇಲೆ ಮಿಕ್ಕ ಮನೆಗಳಲ್ಲೂ, ಆ ಕಡೆ ಹೋದಾಗೆಲ್ಲ, ಬಂದ್ಲು ನೋಡಿ ಪ್ರಶ್ನೆಯಕ್ಕ, ಈ ಸಲ ನಾನು ಪಾಸಾ ಫೇಲಾ, ನಿವೃತ್ತ ಬಸ್ ಡ್ರೈವರ್ ಬಾಗಿಲಲ್ಲೇ ಕೂಗುತ್ತಾನೆ, ಅವಳೂ ಬಿಡುವುದಿಲ್ಲ, ಫೇಲು, ಮತ್ತೆ ಪರೀಕ್ಷೆ ಕಟ್ಟಿ. ಡಾಕ್ಟರಿಗೀಗ ತಲೆ ಕೆಟ್ಟಿದೆ, ನಿಮ್ಮ ಬೀದಿಗಳವರೇ ಯಾಕೆ ಬೇಗ ಚೇತರಿಸ್ಕೋತಾರೆ, ನೀರು ಪರೀಕ್ಷೆ ಮಾಡಿಸಿದ್ವಿ, ಮರ ಎಣಿಸಿದ್ವಿ, ಏನಿದೆ ಅಲ್ಲಿ, ಗೊತ್ತಿಲ್ಲ ಸರ್, ಅಂದುಬಿಟ್ಟಳಲ್ಲ, ನಾಲಿಗೆ ತೊದಲಲೂ ಇಲ್ಲ. ಮುಂದಿನ ಸುತ್ತಿನಿಂದ ಫೋನಿನಲ್ಲಿ ಯಂತ್ರವೇ ಕೇಳುತ್ತದಂತೆ, ಬೇಸರವಿದ್ದರೆ ಒಂದನ್ನು ಒತ್ತಿ, ಇವಳು ಇನ್ನು ಆ ಮನೆಗಳ ಹೊಸಿಲು ತುಳಿಯಕೂಡದು, ಹಾಗಂತ ಇವಳ ಸಹಿಯನ್ನೂ ಹಾಕಿಸಿಕೊಂಡಾಗಿದೆ. ಇಲ್ಲ ಎಂದು ಗುರುತು ಹಾಕಿದರೆ ಡಾಕ್ಟರು ಮರ ಎಣಿಸುತ್ತಲೇ ಇರುತ್ತಾರೆ, ಹೌದು ಎಂದು ಹಾಕಿದರೆ ನಲವತ್ಮೂರು ಮನೆಯವರು ಹೇಳಿಕೊಂಡದ್ದೆಲ್ಲ ಕೆಟ್ಟ ಲೆಕ್ಕವೆಂದು ಕಸದ ಬುಟ್ಟಿಗೆ, ಆದರೂ ಯಾರಾದರೊಬ್ಬರು ಯಾಕೆ ಅಂತ ಕೇಳಿಯಾರು, ಕೇಳಿ ಮತ್ತೆ ಮನುಷ್ಯರನ್ನೇ ಕಳಿಸಿಯಾರು, ಕಳಿಸದೆಯೂ ಇರಬಹುದು.

ಹೋದ ವಾರ ದರ್ಜಿ ಅಕ್ಕ ಫೈಲು ಕಿತ್ತುಕೊಂಡು, ಕನ್ನಡಕ ಏರಿಸಿ, ಇರು, ಇವತ್ತು ನಾನು ಕೇಳ್ತೀನಿ, ಎರಡು ವಾರದಿಂದ ನಿದ್ದೆ ಸರಿಯಾಗಿ ಬರ್ತಿದೆಯಾ, ಅಂದಳು, ಇಷ್ಟು ವರ್ಷ ಇವಳನ್ನು ಯಾರೂ ಕೇಳಿರಲಿಲ್ಲ, ಇವಳು ಫೈಲನ್ನು ವಾಪಸು ಎಳೆದುಕೊಂಡಳು, ಇನ್ನು ಬರೋದಿಲ್ಲ ಅಕ್ಕ ಅನ್ನುವುದನ್ನು ಹೇಳದೆಯೇ. ಯಾಕೆ ಕಣ್ಣು ಹಾಗೆ, ಕೂತ್ಕೋ, ನೀನು ಬರೋ ವಾರ ಅಂತ ಸೋಮವಾರದಿಂದ ಖಾಲಿ ಇಟ್ಟಿದ್ದೀನಿ — ಬಟ್ಟೆಯೆಲ್ಲ ನೆಲದ ಮೇಲೆ, ಮಂಚದ ಮೇಲೆ, ಸ್ಟೂಲು ಮಾತ್ರ ಖಾಲಿ, ಒರೆಸಿಟ್ಟಿದ್ದಳು.

ಹೌದು. ಹಾಕಿಯೇಬಿಟ್ಟಳು, ಪೆನ್ನು ಕಾಗದವನ್ನೇ ತೂತು ಮಾಡಿತು. ಕೆಳಗೆ, ವಿವರಿಸಿ, ಎರಡು ಗೆರೆ ಜಾಗ, ಏನಂತ ಬರೆಯುವುದು, ಚಪ್ಪಲಿ ಅನ್ನುವುದೇ, ಮೂರು ಹೊಲಿಗೆ ಅನ್ನುವುದೇ, ಆರು ತಿಂಗಳು ಕಳೆದು ಒಂದು ಸೋಮವಾರ ಅಕ್ಕ ಬಟ್ಟೆಯನ್ನೆಲ್ಲ ನೆಲಕ್ಕಿಳಿಸುತ್ತಾಳೆ, ಒರೆಸುತ್ತಾಳೆ, ಮಂಗಳವಾರ, ಬುಧವಾರ, ಎಲ್ಲೋ ಫೋನು ಬಡಿದುಕೊಳ್ಳುತ್ತದೆ, ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಸ್ಟೂಲು, ಒರೆಸಿಟ್ಟ ಸ್ಟೂಲು, ಖಾಲಿ —