ಗುಳಿಗೆ ಬಿಟ್ಟ ಮೂರನೆಯ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಚಿಮ್ಮಡದ ಸಾಲೆಯಲ್ಲಿ ನನ್ನ ಕೈಯ ಏಟು ತಿನ್ನದ ಹುಡುಗರು ಕಡಿಮೆ. ತಿಂದವರಲ್ಲಿ ಕೆಲವರು ಈಗ ತಲೆ ನೆರೆತ ಮೇಲೂ ನನ್ನ ಎದುರಿಗೆ ಬಂದರೆ ಕೈ ಕಟ್ಟಿ ನಿಲ್ಲುತ್ತಾರೆ. ಅದಕ್ಕೆ ನಗುತ್ತೇನೆ. ಆದರೆ ನನ್ನ ಸಿಟ್ಟಿನಿಂದ ಶುರುವಾಗಿ, ನನ್ನ ದುರಾಸೆಯಿಂದ ಬೆಳೆದು, ನನ್ನ ಸ್ವಂತ ತಮ್ಮನನ್ನೇ ತಿಂದುಹಾಕಿದ ಸಂಗತಿ ಒಂದಿದೆ. ಅದು ನೆನಪಾದಾಗ ನಗು ಬರುವುದಿಲ್ಲ.

ನಾನು ಸಿದರಾಯ ಮಾಸ್ತರ. ತಮ್ಮನ ಹೆಸರು ಅಮಸಿದ್ದಪ್ಪ. ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಸಾಲೆಯಲ್ಲಿ ಮಾಸ್ತರನಾದೆ, ಅವನು ಅಪ್ಪನ ಕುರಿ ಹಿಂಡಿನ ಹಿಂದೆ ಹೋದ. ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿತ್ತು. ಅವನು ಕುರಿ ಹೊಡೆದುಕೊಂಡು ಮುಧೋಳದ ರಸ್ತೆಯಲ್ಲಿ ಬರುತ್ತಿದ್ದಾಗ ಒಂದು ಲಾರಿ ನೇರ ಹಿಂಡಿನೊಳಕ್ಕೇ ನುಗ್ಗಿತು. ಕುರಿ ಉಳಿಸಲು ಹೋದವನ ತೊಡೆಯ ಎಲುಬು ಎರಡು ಕಡೆ ಮುರಿಯಿತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಕುಡಚಿ ಸ್ಟೇಶನ್ನಿಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಮಿರಜಿಗೆ ಸಾಗಿಸಿದೆವು. ಐದು ತಿಂಗಳು ದವಾಖಾನೆಯಲ್ಲಿ ಕಾಲಿಗೆ ಭಾರ ಕಟ್ಟಿಸಿಕೊಂಡು ಅಂಗಾತ ಮಲಗಿದ. ಎರಡು ಸಲ ಕೊಯ್ದರು. ನೋವಿಗೆ ಮೊದಲು ಸೂಜಿ, ಆಮೇಲೆ ಬಿಳಿ ಗುಳಿಗೆ.

ಬಿಡುಗಡೆಯ ದಿನ ಡಾಕ್ಟರು ಒಂದು ಡಬ್ಬಿ ತುಂಬ ಆ ಗುಳಿಗೆ ಕೊಟ್ಟು, ಮರಾಠಿಯಲ್ಲಿ ಬರೆದ ಚೀಟಿಯನ್ನು ನನ್ನ ಕೈಯಲ್ಲಿಟ್ಟರು. ಮೊದಲ ವಾರ ದಿನಕ್ಕೆ ನಾಲ್ಕು, ಆಮೇಲೆ ಮೂರು, ಹೀಗೆ ಇಳಿಸುತ್ತ ಐದನೆಯ ವಾರ ಅರ್ಧ. ನನ್ನನ್ನು ಬದಿಗೆ ಕರೆದು ತಿಳಿಸಿ ಹೇಳಿದರು: ಇದು ಮೈಗೆ ರೂಢಿಯಾಗುವ ಔಷಧ, ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಆಕಳಿಕೆ ಬರುತ್ತದೆ, ಕಣ್ಣು ಮೂಗಲ್ಲಿ ನೀರು ಸುರಿಯುತ್ತದೆ, ಮೈಮೇಲೆ ಮುಳ್ಳೇಳುತ್ತದೆ, ಕೈಕಾಲು ಗಡಗಡ ನಡುಗುತ್ತವೆ, ಮೂರನೆಯ ದಿನವಂತೂ ನೋಡಲಾಗುವುದಿಲ್ಲ. ನಾನು ಹೂಂ ಹೂಂ ಎಂದೆ. ಎಲ್ಲ ತಿಳಿದವನ ಹಾಗೆ ಚೀಟಿಯನ್ನು ಮಡಚಿ ಟೋಪಿಯಲ್ಲಿಟ್ಟುಕೊಂಡೆ.

ಎರಡನೆಯ ವಾರ ಅವನು ಹೆಚ್ಚು ಕೇಳತೊಡಗಿದ.

“ಅಣ್ಣಾ, ಮೂರಕ್ಕ ಬಗಿಹರಿಯೂದಿಲ್ಲೋ. ಇನ್ನೊಂದು ಕೊಡು, ನಿನ್ನ ಕಾಲ ಬೀಳ್ತೇನಿ.”

ಅವನ ಹೆಂಡತಿ ಸಾತವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ತೋಳ ಬಂದರೆ ಬರಿಗೈಲಿ ಅಟ್ಟುತ್ತಿದ್ದ ನನ್ನ ತಮ್ಮ ಒಂದು ಗುಳಿಗೆಗೆ ಕಾಲು ಬೀಳುವುದೇ!

“ಥೂ, ನಾಚಿಕಿ ಬರಂಗಿಲ್ಲೇನು? ದಾರೂ ಕುಡುಕನಂಗ ಕೈ ಒಡ್ಡತಿ! ಇವತ್ತಿನಿಂದ ಒಂದೂ ಇಲ್ಲ, ಹೋಗು.”

ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡೆ. ಡಾಕ್ಟರು ಐದು ವಾರದಲ್ಲಿ ಮಾಡುವುದನ್ನು ನಾನು ಐದು ದಿನದಲ್ಲಿ ಮಾಡಿ ತೋರಿಸುತ್ತೇನೆ ಎಂಬ ಸೊಕ್ಕು ನನಗೆ.

ಮೂರನೆಯ ದಿನ ಅಮಾವಾಸ್ಯೆ ಬಿತ್ತು.

ನಮ್ಮ ಮನೆಯ ಒಂದು ಮಾತನ್ನು ಇಲ್ಲಿ ಹೇಳಬೇಕು. ಓಣಿಯ ಬೀರಪ್ಪನ ಗುಡಿಯಲ್ಲಿ ದೇವರು ಮೈಮೇಲೆ ಬರುತ್ತಿದ್ದದ್ದು ನಮ್ಮಪ್ಪನಿಗೆ. ಪ್ರತಿ ಅಮಾವಾಸ್ಯೆ ಡೊಳ್ಳು ಬಾರಿಸುತ್ತಿದ್ದಂತೆ ಅಪ್ಪನಿಗೆ ಮೊದಲು ಆಕಳಿಕೆ ಬರುತ್ತಿತ್ತು, ಆಮೇಲೆ ಕಣ್ಣಲ್ಲಿ ನೀರು, ಆಮೇಲೆ ಮೈಮೇಲೆ ಮುಳ್ಳೆದ್ದು ನಡುಕ. ಮಳೆ, ಬೆಳೆ, ಕುರಿಯ ಬೇನೆ ಎಲ್ಲಕ್ಕೂ ಜನ ಹೇಳಿಕೆ ಕೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ದೇವರು ಯಾರ ಮೈಮೇಲೂ ಬಂದಿರಲಿಲ್ಲ. ದೇವರು ಇನ್ನು ಅದೇ ಓಣಿಯ ಹೊಳಬಸಪ್ಪನ ಮನೆಗೆ ಹೋಗುತ್ತಾನೆ ಎಂದು ಮಂದಿ ಮಾತಾಡತೊಡಗಿದ್ದರು. ಹೊಳಬಸಪ್ಪನೂ ಆಗಲೇ ಮೀಸೆ ತಿರುವಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಅಂದು ಬೆಳಿಗ್ಗೆ ಗುಡಿಯಲ್ಲಿ ಡೊಳ್ಳು ಶುರುವಾಗುವ ಹೊತ್ತಿಗೆ ಅಮಸಿದ್ದ ನಮ್ಮ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ದವಡೆ ಕಳಚುವಷ್ಟು ಆಕಳಿಕೆ. ಕಣ್ಣು ಮೂಗು ಸುರಿಯುತ್ತಿದ್ದವು. ತೋಳಿನ ಕೂದಲೆಲ್ಲ ನೆಟ್ಟಗೆ ನಿಂತಿದ್ದವು. ನೋಡನೋಡುತ್ತ ಇಡೀ ಮೈ ನಡುಗತೊಡಗಿತು. ದಾರಿಯಲ್ಲಿ ಹೋಗುತ್ತಿದ್ದ ಗುಡಿಯ ಹಿರಿಯ ಹಾಲಸಿದ್ದಪ್ಪಜ್ಜ ನಿಂತ, ಕಣ್ಣು ಕಿರಿದು ಮಾಡಿ ನೋಡಿದ, ಕೈಲಿದ್ದ ಭಂಡಾರದ ಅರಿಶಿನವನ್ನೆಲ್ಲ ಅವನ ನೆತ್ತಿಗೆ ಸುರಿದು ಕೂಗಿದ:

“ಬಂದ್ಯಾ ನನ್ನಪ್ಪಾ! ಎರಡು ವರ್ಷಕ್ಕ ನಿನ್ನ ಮನಿ ನೆನಪಾತೇನು?”

ಅಯ್ಯೋ, ಆಗ ಒಂದು ಮಾತು ಸಾಕಿತ್ತು! ‘ಅಜ್ಜಾ, ಇದು ದೇವರಲ್ಲ, ಗುಳಿಗೆ ನಿಲ್ಲಿಸಿದ್ದಕ್ಕೆ ಹೀಗಾಗಿದೆ’ ಎಂದರೆ ಮುಗಿಯುತ್ತಿತ್ತು. ಚೀಟಿ ಟೋಪಿಯಲ್ಲೇ ಇತ್ತು. ಓದಿದವನು ನಾನೊಬ್ಬನೇ. ಆದರೆ ಜನ ಓಡಿ ಬಂದರು, ಹೊಳಬಸಪ್ಪನ ಮುಖ ಕಪ್ಪಿಟ್ಟಿತು, ನನ್ನ ಬಾಯಿ ತೆರೆಯಲಿಲ್ಲ. ತಮ್ಮನನ್ನು ಕಂಬಳಿ ಸಮೇತ ಗುಡಿಗೆ ಹೊತ್ತೊಯ್ದರು. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರು. ಹಲ್ಲು ಕಟಕಟ ಕಡಿಯುತ್ತ “ಬರತೈತಿ” ಎಂದ. ನಾಲ್ಕನೆಯ ದಿನ ಮಳೆ ಬಂತು. ಊರಿಗೆ ಊರೇ ನಮ್ಮ ಬಾಗಿಲಿಗೆ ಬಂತು.

ಹತ್ತು ದಿನದಲ್ಲಿ ಅಮಸಿದ್ದ ಚೇತರಿಸಿಕೊಂಡ. ಕೋಲೂರಿಕೊಂಡು ಅಂಗಳದಲ್ಲಿ ತಿರುಗಾಡಿದ, ಮೂರು ರೊಟ್ಟಿ ಉಂಡ, ಸಾತವ್ವನ ಜೊತೆ ಚೇಷ್ಟೆ ಮಾಡಿದ.

“ಅಣ್ಣಾ, ಮೈ ಹಗುರಾತು. ಆ ಗುಳಿಗಿ ಹಾಳಾಗಿ ಹೋಗ್ಲಿ, ಹೊಳಿಗೆ ಒಗದು ಬಾ. ದೀಪಾವಳಿ ಆದಮ್ಯಾಲ ಕುರಿ ಹಿಂದ ಹೊಂಡತೇನಿ.”

ಅವನು ಆಗ ಪೂರ್ತಿ ಬಿಡುಗಡೆಯಾಗಿದ್ದ. ಇದನ್ನು ನಾನು ಮರೆಯಲಾರೆ. ನನ್ನ ತಮ್ಮ ಬಿಡುಗಡೆಯಾಗಿದ್ದ, ಡಬ್ಬಿಯನ್ನು ನಾನು ಹೊಳೆಗೆ ಒಗೆಯಬೇಕಿತ್ತು ಅಷ್ಟೇ.

ಮುಂದಿನ ಅಮಾವಾಸ್ಯೆಗೆ ಅವನಿಗೆ ಕಂಬಳಿ ಹಾಸಿ ಕೂರಿಸಿ, ನೆತ್ತಿ ಸುಡುವತನಕ ಡೊಳ್ಳು ಬಾರಿಸಿದರು. ಏನೂ ಆಗಲಿಲ್ಲ. ಗಟ್ಟಿಮುಟ್ಟಾದ ಆಳು ಸುಮ್ಮನೆ ಪಿಳಿಪಿಳಿ ನೋಡುತ್ತ ಕುಳಿತ. ಹೊಳಬಸಪ್ಪ ಯಾರಿಗೋ ಏನೋ ಹೇಳಿ ಕಿಸಕ್ಕನೆ ನಕ್ಕ. ಮನೆಗೆ ಬಂದ ತಮ್ಮ ಮುಖ ಎತ್ತಲಿಲ್ಲ.

“ಅಣ್ಣಾ, ನೀ ಓದಿದಾಂವ. ಆವತ್ತ ಬಂದದ್ದು ದೇವರ ಹೌದಲ್ಲೋ?”

“ಹೌದೋ, ದೇವರ. ಖರೆ.”

“ಹಂಗಾದ್ರ ಇವತ್ತ್ಯಾಕ ಬರಲಿಲ್ಲ? ನಾ ಏನ ತಪ್ಪ ಮಾಡೀನಿ?”

ಎರಡು ದಿನ ಉಪವಾಸ ಮಾಡಿದ. ಆಮೇಲೆ ನಾನು ಮಾಡಿದ್ದನ್ನು ಅವನ ಸಂಕಟ ನೋಡಲಾಗದೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಳಬಸಪ್ಪನ ನಗು ಕಿವಿಯಲ್ಲಿತ್ತು. ಟ್ರಂಕು ತೆರೆದು ಡಬ್ಬಿ ತೆಗೆದೆ. ಕುರಿ ಹಿಂದೆ ಹೋಗಬೇಕೆಂದರೆ ಕಾಲು ಗಟ್ಟಿಯಾಗಬೇಕು, ಡಾಕ್ಟರು ಮತ್ತೆ ತಿನ್ನಲು ಹೇಳಿದ್ದಾರೆ ಎಂದೆ. ಅವನು ಬೇಡ ಬೇಡ ಎನ್ನುತ್ತಲೇ ನುಂಗಿದ. ಇಪ್ಪತ್ತು ದಿನ ಕೊಟ್ಟು, ಅಮಾವಾಸ್ಯೆಗೆ ಮೂರು ದಿನ ಇರುವಾಗ ನಿಲ್ಲಿಸಿದೆ.

ದೇವರು ಬಂದ.

ಮೂರು ವರ್ಷ ಹೀಗೆ ನಡೆಯಿತು. ಗುಳಿಗೆ ಮುಗಿದ ಮೇಲೆ ಅಫೀಮು. ಹೊಲಕ್ಕೆ ಹೋಗುವ ತಾಯಂದಿರು ಕೂಸು ಮಲಗಲೆಂದು ಸಾಸಿವೆಯಷ್ಟು ಅಫೀಮು ನೆಕ್ಕಿಸುತ್ತಿದ್ದ ಕಾಲ ಅದು, ಹುಡುಕಿದರೆ ಸಿಗುತ್ತಿತ್ತು. ನಾನು ಮುಧೋಳಕ್ಕೆ ಹೋಗಿ ತಂದು, ಉಂಡೆ ಮಾಡಿ, ಗುಳಿಗೆ ಎಂದೇ ಕೊಡುತ್ತಿದ್ದೆ. ಅಮಸಿದ್ದ ಕುರಿ ಹಿಂದೆ ಹೋಗಲೇ ಇಲ್ಲ. ಕೆನ್ನೆ ಒಳಗೆ ಹೋದವು. ಮಧ್ಯಾಹ್ನವಿಡೀ ತೂಕಡಿಸುತ್ತಿದ್ದ. ಸಾತವ್ವ ಒಮ್ಮೆ ಬಾಗಿಲಲ್ಲಿ ಅಡ್ಡ ನಿಂತಳು.

“ಭಾವಾರ, ಸಿಟ್ಟಾಗಬ್ಯಾಡ್ರಿ. ಅಮಾಸಿ ಹತ್ತರ ಬಂದಾಗಷ್ಟ ನೀವು ಗುಳಿಗಿ ನಿಲ್ಲಸ್ತೀರಿ. ಯಾಕ್ರೀ?”

“ದೇವರ ಮಡಿಗೆ ಔಷಧ ಆಗೂದಿಲ್ಲ. ಹೆಂಗಸರಿಗೆ ಯಾಕ ಬೇಕು ಅದು? ಒಲಿ ನೋಡ್ಕೋ ಹೋಗು.”

ಅವಳು ಮತ್ತೆ ಕೇಳಲಿಲ್ಲ. ನನ್ನ ಬಾಯಿಗೆ ಹೆದರಿ ಸುಮ್ಮನಾದವರಲ್ಲಿ ಅವಳ ಕ್ಷಮೆಯನ್ನಾದರೂ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮೂರನೆಯ ವರ್ಷದ ಶ್ರಾವಣದ ಅಮಾವಾಸ್ಯೆಗೆ ಪಾಂಡಪ್ಪ ಬಂದ. ಬಡ ಮನುಷ್ಯ, ಇಬ್ಬರು ಗಂಡುಮಕ್ಕಳು ತೀರಿಹೋದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಆರು ವರ್ಷದ ಆ ಹುಡುಗಿಗೆ ಗಂಟಲು ಬಾತು ಉಸಿರಾಡಲು ಕಷ್ಟವಾಗಿತ್ತು. ಚಕ್ಕಡಿ ಹೂಡಿ ನಿಲ್ಲಿಸಿ ಬಂದಿದ್ದ.

“ಜಮಖಂಡಿ ಡಾಕ್ಟರ ಕಡೆ ಒಯ್ಯಲೇನಪ್ಪಾ? ನೀ ಅಂದ್ರ ಒಯ್ತೇನಿ.”

ಅಮಸಿದ್ದ ನಡುಗುತ್ತಿದ್ದ. ಹೊಟ್ಟೆ ಹಿಂಡಿಕೊಂಡು, ಬೆವರು ಸುರಿಸುತ್ತ, ಯಾರು ಏನು ಕೇಳುತ್ತಿದ್ದಾರೆ ಎಂಬುದೂ ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. “ಬ್ಯಾಡ” ಎಂದ. “ಬ್ಯಾಡ, ಬ್ಯಾಡ. ಭಂಡಾರ ಹಚ್ಚು.”

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಪಾಂಡಪ್ಪ ಕಣ್ಣಿಗೆ ಭಂಡಾರ ಒತ್ತಿಕೊಂಡು ಹೋಗಿ ಚಕ್ಕಡಿಯ ಎತ್ತು ಬಿಚ್ಚಿದ. ಹಿಂದೆಯೇ ಓಡಿಹೋಗಿ ಹೂಡಿಸಬಹುದಿತ್ತು. ನಾಳೆ ಹೇಳಿದರಾಯಿತು, ಜನ ಚದುರಲಿ ಎಂದುಕೊಂಡೆ. ಮರುದಿನ ಹೊತ್ತು ಏರುವ ಮೊದಲೇ ಹುಡುಗಿ ಹೋಯಿತು.

ಮಣ್ಣು ಕೊಟ್ಟು ಬಂದವನೇ ಹಳೆಯ ಚೀಟಿ ಹುಡುಕಿ ತೆಗೆದೆ. ಇನ್ನು ಸಾಕು, ತಮ್ಮನನ್ನು ಮೊದಲಿನಂತೆ ಮಾಡಿಯೇ ತೀರುತ್ತೇನೆ ಎಂದು ಆಣೆ ಹಾಕಿಕೊಂಡೆ. ದೇವರಿಗೆ ಈಗ ಮೈಲಿಗೆ ಎಂದು ಊರಿಗೆ ಒಂದು ನೆವ ಹೇಳಿದೆ. ಚೀಟಿಯಲ್ಲಿದ್ದ ಹಾಗೆಯೇ ಉಂಡೆಯನ್ನು ಸಣ್ಣದು ಮಾಡುತ್ತ ಹೋದೆ. ನನ್ನ ಜೀವಮಾನದಲ್ಲಿ ಅಷ್ಟು ತಾಳ್ಮೆಯಿಂದ ಯಾವ ಕೆಲಸವನ್ನೂ ಮಾಡಿಲ್ಲ. ಕಾಲು ತಿಕ್ಕಿದೆ, ಗಂಜಿ ಕುಡಿಸಿದೆ, ಬೈಯಲಿಲ್ಲ. ಐದನೆಯ ವಾರಕ್ಕೆ ಕಾಳಿನಷ್ಟು ಉಳಿಯಿತು. ಒಂದು ಬೆಳಿಗ್ಗೆ ಅವನು ಬಿಸಿಲಲ್ಲಿ ಕುಳಿತು, ಬಹಳ ದಿನದ ಮೇಲೆ ಕುರಿ ಕೂಗುವುದನ್ನು ಕಿವಿಗೊಟ್ಟು ಕೇಳಿ ನಕ್ಕ.

“ಈಗ್ಯಾಕ ಬಿಡಸಾಕತ್ತೀಯೋ ಅಣ್ಣಾ? ದೇವರಿಗೇನ ಹೇಳೂದು?”

ಆ ನಗು ನೋಡಿ ನನಗೆ ಧೈರ್ಯ ಬಂತು. ಪಕ್ಕದಲ್ಲಿ ಕುಳಿತು, ಅವನ ಕೈ ಹಿಡಿದು, ಒಂದನ್ನೂ ಬಿಡದೆ ಹೇಳಿಬಿಟ್ಟೆ. ಚೀಟಿ, ಟ್ರಂಕು, ಮೂರು ದಿನದ ಲೆಕ್ಕ, ಮುಧೋಳದ ಅಫೀಮು. ದೇವರು ಒಂದು ಸಲವೂ ಬಂದಿರಲಿಲ್ಲ ಎಂದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ, ಕಲ್ಲು ಎತ್ತಿ ಹಾಕಲಿ ಎಂದೇ ಕುಳಿತಿದ್ದೆ.

ಅವನು ಹೊಡೆಯಲಿಲ್ಲ.

“ಹಂಗಾದ್ರ ಪಾಂಡಪ್ಪಗ ಬ್ಯಾಡ ಅಂದಾಂವ ಯಾರು?”

ನೀನಲ್ಲ, ನಾನು ಎನ್ನಬೇಕಿತ್ತು. ಖರೆಯೂ ಅದೇ. ಆದರೆ ಸಾಲೆಯಲ್ಲಿ ಗುಡುಗುವ ಈ ನಾಲಿಗೆ ಆಗ ಹೊರಳಲಿಲ್ಲ.

“ನಾನ ಅಂದ್ನಾ? ಆ ಕೂಸನ್ನ ನಾನ ಕೊಂದ್ನಾ ಅಣ್ಣಾ?” ಅವನು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದ. “ಇಲ್ಲಾ ಅನ್ನು. ಅದು ದೇವರ ಅಂದದ್ದು ಅನ್ನು. ನಿನ್ನ ಕಾಲ ಬೀಳ್ತೇನಿ, ಒಮ್ಮಿ ಅನ್ನೋ!”

ಸಾತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅನ್ನಬೇಡಿ ಎಂಬಂತೆ ತಲೆ ಅಲ್ಲಾಡಿಸಿದಳು.

“ದೇವರ ಅಂದಾನಪ್ಪ” ಎಂದೆ. “ನಾ ಈಗ ಅಂದದ್ದೆಲ್ಲಾ ಸುಳ್ಳು. ನಿನ್ನ ಮೈಮ್ಯಾಲ ಬರೂದು ಬೀರಪ್ಪನ.”

ಅವನ ಹಿಡಿತ ಸಡಿಲವಾಯಿತು. ಕಣ್ಣೊರೆಸಿಕೊಂಡು ನನ್ನ ಮುಂದೆ ಅಂಗೈ ಒಡ್ಡಿದ. ನಾನು ಕಾಳಿನಷ್ಟು ಅಫೀಮು ಇಟ್ಟೆ. ಅವನು ಅಂಗೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲಿನಷ್ಟು ಇಟ್ಟೆ.

ಅವನು ಆಮೇಲೆ ಒಂಬತ್ತು ವರ್ಷ ಬದುಕಿದ. ಪ್ರತಿ ಅಮಾವಾಸ್ಯೆ ಪಾಂಡಪ್ಪ ತಪ್ಪದೆ ಬಂದು, ನಡುಗುತ್ತಿದ್ದ ಅವನ ಪಾದಕ್ಕೆ ಹಣೆ ಹಚ್ಚುತ್ತಿದ್ದ. ಆಗ ಅಮಸಿದ್ದ ಕಣ್ಣು ತೆರೆದು ಜನರ ನಡುವೆ ನನ್ನನ್ನು ಹುಡುಕುತ್ತಿದ್ದ. ನಾನು ಡೊಳ್ಳಿನವರ ಕಡೆ ತಿರುಗಿ, ಇನ್ನೂ ಜೋರಾಗಿ ಬಾರಿಸಿರೋ ಎನ್ನುತ್ತಿದ್ದೆ.